ಆ ಧ್ವನಿ ಯಾಕೆ ಹಾಗಿದೆ?

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದವಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾಗಿದ್ದೇನೆ. ಮಗಳು ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ಕೂತು ‘ಫ್ರೆಂಡ್ಸ್’ ಧಾರಾವಾಹಿ ನೋಡುತ್ತಿದ್ದೆವು. ಅದರಲ್ಲಿ ಚಾಂಡ್ಲರ್ ಪಾತ್ರ ಮಾಡಿದ ಮ್ಯಾಥ್ಯೂ ಪೆರಿ ತಮ್ಮ ಆತ್ಮಕಥೆಯನ್ನು ತಾವೇ ಓದಿದ್ದಾರೆ. ಆ ಆಡಿಯೋ ಪುಸ್ತಕವನ್ನು ಮಗಳು ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದಾಳೆ. ಬೆಳಿಗ್ಗೆ ಉಣಕಲ್ ಕೆರೆ ಕಡೆ ವಾಕಿಂಗ್ ಹೋಗುವಾಗ ಎರಡು ಗಂಟೆಯಷ್ಟು ಕೇಳಿದ್ದೇನೆ. ಧ್ವನಿ ದಣಿದ ಹಾಗಿದೆ. ಮಾತು ಅಲ್ಲಲ್ಲಿ ತೊದಲಿದ ಹಾಗಿದೆ. ರೆಕಾರ್ಡಿಂಗೇ ಕೆಟ್ಟಿದೆಯಾ? ಎಷ್ಟೋ ಶಬ್ದ ಕೈತಪ್ಪಿ ಹೋಗುತ್ತವೆ. ಬೇಸರವಾದರೆ ವೇಗ ಜಾಸ್ತಿ ಮಾಡಿಕೊಂಡು ಕೇಳು ಅಂತಾಳೆ ಮಗಳು. ಕೇಳಿದರೆ ಓದಿದ ಹಾಗಾಗಲ್ಲ ಅಂತಾರೆ ಮನೆಯವರು. ಪೆರಿ ತೀರಿಕೊಂಡಿದ್ದಾರೆ ಅನ್ನುವುದು ನೆನಪಾದರೆ ಮುಂದಕ್ಕೆ ಕೇಳಲು ಮನಸ್ಸೇ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಅಕ್ಕೋರೇ, ರೆಕಾರ್ಡಿಂಗ್ ಕೆಟ್ಟಿಲ್ಲ. ನೀವು ಕೇಳಿಸಿಕೊಂಡದ್ದು ಸರಿಯಾಗಿಯೇ ಇದೆ. ಆ ಧ್ವನಿ ನಿಜವಾಗಿಯೂ ದಣಿದಿದೆ. ನಾನು ಧಾರವಾಡದಲ್ಲಿ ಕೂತು ವರ್ಷಾನುಗಟ್ಟಲೆ ರೇಡಿಯೋಗೆ ನಾಟಕ, ಸಂದರ್ಶನ, ಕಥೆ ಓದುವುದನ್ನು ಮುದ್ರಿಸಿದವನು. ಬೇರೆಯವರ ಧ್ವನಿ ಕೇಳುವುದೇ ನನ್ನ ಹೊಟ್ಟೆಪಾಡಾಗಿತ್ತು. ಆ ಅನುಭವದಿಂದ ಹೇಳುತ್ತೇನೆ, ನಿಮಗೆ ದೋಷ ಅನಿಸಿದ್ದೇ ಈ ಪುಸ್ತಕದ ಅರ್ಧ ಕಥೆ.

ಲೆಕ್ಕ ಹಾಕಿ ನೋಡಿ. ‘ಫ್ರೆಂಡ್ಸ್’ ಶುರುವಾದದ್ದು 1994ರಲ್ಲಿ, ಮುಗಿದದ್ದು 2004ರಲ್ಲಿ. 236 ಕಂತು. ಶುರುವಾದಾಗ ಪೆರಿಗೆ 25 ವರ್ಷ. ನಿಮ್ಮ ಕಿವಿಯಲ್ಲಿ ಉಳಿದಿರುವುದು ಆ ಹುಡುಗನ ಧ್ವನಿ. ಪುಸ್ತಕ ಬಂದದ್ದು 2022ರ ನವೆಂಬರ್ 1ಕ್ಕೆ. ಆಗ ಅವರಿಗೆ 53. ನಡುವೆ ಏನೇನಾಯಿತು ಅನ್ನುವುದನ್ನು ಅವರೇ ಬಿಚ್ಚಿ ಹೇಳುತ್ತಾರೆ. ‘ಫ್ರೆಂಡ್ಸ್’ ನಡೆಯುತ್ತಿದ್ದಾಗಲೇ ನೀರಿನ ಮೇಲೆ ಓಡಿಸುವ ಸ್ಕೂಟರಿನ ಅಪಘಾತ. ನೋವಿಗೆ ಅಂತ ಕೊಟ್ಟ ಮಾತ್ರೆ ಚಟವಾಗಿ, ಒಂದು ಹಂತದಲ್ಲಿ ದಿನಕ್ಕೆ 55 ಮಾತ್ರೆ. ಜೊತೆಗೆ ಕುಡಿತ. 2018ರಲ್ಲಿ ದೊಡ್ಡ ಕರುಳು ಒಡೆದು ಎರಡು ವಾರ ಕೋಮಾ, ಐದು ತಿಂಗಳು ಆಸ್ಪತ್ರೆ. ಹೊಟ್ಟೆಯ ಮೇಲೆ 14 ಶಸ್ತ್ರಚಿಕಿತ್ಸೆ. ಇನ್ನೊಮ್ಮೆ, ಟೋಸ್ಟ್ ಕಚ್ಚಿದಾಗ ಮೇಲಿನ ಹಲ್ಲುಗಳೆಲ್ಲ ಉದುರಿಹೋದವು.

ಇಷ್ಟೆಲ್ಲ ಕಂಡ ದೇಹದಿಂದ ಬರುವ ಧ್ವನಿ ಹೇಗಿರಬೇಕು ಹೇಳಿ?

ಮಾತಿಗೆ ಉಸಿರೇ ಬಂಡವಾಳ. ಗವಾಯಿಗಳು ಶಿಷ್ಯರಿಗೆ ಮೊದಲು ಹೇಳುವುದೇ ಹೊಟ್ಟೆಯಿಂದ ಉಸಿರು ಎತ್ತು ಅಂತ. ಒಂದು ಉದ್ದ ವಾಕ್ಯವನ್ನು ಕೊನೆಯ ಶಬ್ದದವರೆಗೆ ಒಂದೇ ತೂಕದಲ್ಲಿ ಹೊತ್ತುಕೊಂಡು ಹೋಗುವುದು ಗಂಟಲಲ್ಲ, ಹೊಟ್ಟೆಯ ಸ್ನಾಯು. ಅದನ್ನೇ ಮತ್ತೆ ಮತ್ತೆ ಕೊಯ್ದು ಹೊಲಿದಿದ್ದರೆ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಗಾಳಿ ಮುಗಿದಿರುತ್ತದೆ. ಆಗ ಓದುವವರು ನಡುವೆ ನಿಲ್ಲುತ್ತಾರೆ, ಇಲ್ಲವೇ ಕೊನೆಯ ಎರಡು ಶಬ್ದ ನುಂಗುತ್ತಾರೆ. ಹಲ್ಲಿನದ್ದೂ ಹಾಗೆಯೇ. ನಮ್ಮ ವರ್ಣಮಾಲೆಯಲ್ಲೇ ಇದೆ ನೋಡಿ, ತ ಥ ದ ಧ ನ ದಂತ್ಯ. ನಾಲಿಗೆಗೆ ಮೇಲಿನ ಹಲ್ಲಿನ ಆಸರೆ ಬೇಕು. ಇಂಗ್ಲಿಷಿನ ಎಫ್, ವಿ ಹುಟ್ಟುವುದು ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿದಾಗ. ಹೊಸ ಹಲ್ಲು ಕಟ್ಟಿಸಿಕೊಂಡವರ ಮಾತು ಕೇಳಿದರೆ ನಿಮಗೇ ಗೊತ್ತಾಗುತ್ತದೆ, ಎಷ್ಟೋ ದಿನ ನಾಲಿಗೆ ತನ್ನ ಹಳೆಯ ಜಾಗ ಹುಡುಕುತ್ತಿರುತ್ತದೆ.

ಬೇರೆ ಒಳ್ಳೆಯ ಧ್ವನಿಯವರಿಂದ ಇದನ್ನು ಓದಿಸಬಹುದಿತ್ತು. ಎಷ್ಟೋ ಆತ್ಮಕಥೆಗಳನ್ನು ಹಾಗೆ ಓದಿಸುತ್ತಾರೆ. ಆಗ ನಿಮಗೆ ಒಂದು ಶಬ್ದವೂ ತಪ್ಪುತ್ತಿರಲಿಲ್ಲ. ಆದರೆ ಕಥೆ ಹೇಳುವ ಬಾಯಿ ಬೇರೆ, ಕಥೆ ಪಟ್ಟ ಮೈ ಬೇರೆ ಆಗುತ್ತಿತ್ತು. ಇಲ್ಲಿ ಆಸ್ಪತ್ರೆಯ ಕಥೆಯನ್ನು ಹೇಳುತ್ತಿರುವುದು ಆಸ್ಪತ್ರೆಯಿಂದ ಎದ್ದು ಬಂದ ಮೈಯೇ. ಮುದ್ರಿತ ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಅಲ್ಲಿ 25ರ ಪೆರಿಗೂ 53ರ ಪೆರಿಗೂ ಅಕ್ಷರ ಒಂದೇ ಸೈಜು.

ಇದು ನನಗೆ ಅರ್ಥವಾದದ್ದು ಒಂದು ತಪ್ಪು ಮಾಡಿದ ಮೇಲೆ. ಆಗ ನಾನು ಕೆಲಸಕ್ಕೆ ಹೊಸಬ. ವೃತ್ತಿ ನಾಟಕ ಕಂಪನಿಯಲ್ಲಿ ಜೀವ ಸವೆಸಿದ ಒಬ್ಬ ಹಿರಿಯ ನಟರ ನೆನಪುಗಳನ್ನು ಮುದ್ರಿಸಬೇಕಿತ್ತು. ಅಜ್ಜ ಮೈಕಿನ ಮುಂದೆ ಕೂತವರೇ ಟೆಂಟಿನ ಕೊನೆಯ ಸಾಲಿಗೆ ಕೇಳಬೇಕು ಅನ್ನುವ ಹಾಗೆ ಗರ್ಜಿಸಿದರು. ಗಾಜಿನ ಆಚೆ ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗಿ ಬಡಿಯಿತು. ನಾನು ಒಳಗೆ ಹೋಗಿ, “ಅಜ್ಜಾರ, ಮೈಕ್ ಇಲ್ಲೇ ಐತ್ರಿ, ಮೊಮ್ಮಗಗ ಹೇಳಿದಂಗ ಹೇಳ್ರಿ” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಬೇರೆಯೇ ಧ್ವನಿ ಬಂತು. ಮೆಲ್ಲಗೆ, ಒಂದೊಂದೇ ಮಾತು. ಪ್ರತಿ ಮಾತಿಗೂ ಮೊದಲು ಒಂದು ದೊಡ್ಡ ಉಸಿರು, ನಡುನಡುವೆ ಸಣ್ಣ ಕೆಮ್ಮು.

ಅದನ್ನು ‘ಸ್ವಚ್ಛ’ ಮಾಡಲು ಕೂತೆ ನಾನು. ಆಗ ಕಾಲಿಂಚಿನ ಟೇಪು. ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ರೀಲನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ, ಉಸಿರು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹಳದಿ ಪೆನ್ಸಿಲಿನಲ್ಲಿ ಗುರುತು ಮಾಡಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಬಿಳಿ ಪಟ್ಟಿ ಅಂಟಿಸಬೇಕು. ಅರ್ಧ ಸೆಕೆಂಡಿನ ಉಸಿರು ಅಂದರೆ ನಾಲ್ಕು ಇಂಚಿಗೆ ಸ್ವಲ್ಪ ಕಡಿಮೆ. ಸಂಜೆಯ ಹೊತ್ತಿಗೆ ನನ್ನ ಕಾಲಡಿ ಕಂದು ಬಣ್ಣದ ತುಂಡುಗಳ ರಾಶಿ. ಕಾರ್ಯಕ್ರಮ ಬಹಳ ಚೊಕ್ಕ ಆಯಿತು ಅಂತ ಖುಷಿಪಟ್ಟೆ. ಮುಂದೆ ಅಜ್ಜ ತೀರಿಕೊಂಡ ಮೇಲೆ ಅವರ ಮಗಳು ಆ ಧ್ವನಿ ಕೇಳಬೇಕು ಅಂತ ಬಂದರು. ಹಾಕಿ ಕೇಳಿಸಿದೆ. ಕೇಳಿ ಮುಗಿಸಿ ಅವರು ಕೇಳಿದ್ದು ಒಂದೇ ಮಾತು: “ಅಪ್ಪ ಮಾತಾಡೂಕಿಂತ ಮೊದ್ಲ ಒಂದ್ ಉಸುರು ತಗೋತಿದ್ರಲ್ರೀ, ಅದೆಲ್ಲಿ ಹೋತು?”

ಆ ತುಂಡುಗಳನ್ನು ಆವತ್ತೇ ಕಸದ ಬುಟ್ಟಿಗೆ ಹಾಕಿಯಾಗಿತ್ತು.

ಅದಕ್ಕೇ ಮಗಳ ಸಲಹೆಗೆ ನಾನು ಒಪ್ಪುವುದಿಲ್ಲ ಅಕ್ಕೋರೇ. ಇಂಗ್ಲಿಷ್ ಆಡಿಯೋ ಪುಸ್ತಕ ಸಾಮಾನ್ಯವಾಗಿ ನಿಮಿಷಕ್ಕೆ 150-160 ಶಬ್ದದ ವೇಗದಲ್ಲಿ ಓದಿರುತ್ತಾರೆ. ಒಂದೂವರೆ ಪಟ್ಟು ಮಾಡಿದರೆ 225 ದಾಟುತ್ತದೆ. ಶಬ್ದವೇನೋ ತಿಳಿಯುತ್ತದೆ. ಈಗಿನ ಆ್ಯಪ್‌ಗಳು ವೇಗ ಹೆಚ್ಚಿಸಿದರೂ ಧ್ವನಿ ಕೀರಲಾಗದ ಹಾಗೆ ನೋಡಿಕೊಳ್ಳುತ್ತವೆ. ಆದರೆ ಮೌನವೂ ಅಷ್ಟೇ ಕುಗ್ಗುತ್ತದೆ. ಒಬ್ಬ ಮನುಷ್ಯ ಮುಂದಿನ ಮಾತು ಹೇಳಲೋ ಬೇಡವೋ ಅಂತ ತಡೆದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಲವು ಆ್ಯಪ್‌ಗಳಲ್ಲಿ ಮೌನ ಬಂದಲ್ಲೆಲ್ಲ ತಾನೇ ಹಾರಿಸಿ ಮುಂದೆ ಹೋಗುವ ಸೌಲಭ್ಯ ಇರುತ್ತದೆ. ನಾನು ಬ್ಲೇಡು ಹಿಡಿದು ಮಾಡಿದ ತಪ್ಪನ್ನು ಅದು ತಾನಾಗಿಯೇ ಮಾಡುತ್ತದೆ. ಸೆಟಿಂಗ್‌ನಲ್ಲಿ ಹುಡುಕಿ ಅದನ್ನು ಆಫ್ ಮಾಡಿ. ವೇಗ ಒಂದರಲ್ಲೇ ಇರಲಿ. ಪೂರ್ತಿ ಪುಸ್ತಕ ಒಂಬತ್ತು ಗಂಟೆಗೆ ಹತ್ತಿರ. ದಿನಕ್ಕೆ ಅರ್ಧ ಗಂಟೆ ಕೇಳಿದರೂ ಮೂರು ವಾರದೊಳಗೆ ಮುಗಿಯುತ್ತದೆ. ಅವಸರ ಏನಿದೆ? ಅಡುಗೆ ಪಾಠವನ್ನೋ ಸುದ್ದಿಯನ್ನೋ ಎಷ್ಟು ವೇಗದಲ್ಲಾದರೂ ಕೇಳಿ, ನನ್ನ ತಕರಾರಿಲ್ಲ.

ಇನ್ನೊಂದು ಸಂಗತಿಗೆ ಕಿವಿ ಕೊಡಿ. ‘ಫ್ರೆಂಡ್ಸ್’ ಚಿತ್ರೀಕರಣ ನಡೆಯುತ್ತಿದ್ದದ್ದು ಪ್ರೇಕ್ಷಕರ ಎದುರಿಗೆ. ನೀವು ಟೀವಿಯಲ್ಲಿ ಕೇಳಿದ ನಗುವಿನಲ್ಲಿ ಅವರದ್ದೂ ಇತ್ತು. ಜನ ನಗದಿದ್ದರೆ ಸತ್ತೇ ಹೋಗುತ್ತೇನೆ ಅನ್ನುವಷ್ಟು ಕಳವಳ ತನಗಾಗುತ್ತಿತ್ತು ಅಂತ ಪೆರಿ ಮುಂದೆ ಹೇಳಿಕೊಂಡಿದ್ದಾರೆ. ನಮ್ಮ ಕಂಪನಿ ನಾಟಕದವರಿಗೆ ಇದು ಚೆನ್ನಾಗಿ ಗೊತ್ತು. ಗದಗಿನ ಗರುಡ ಸದಾಶಿವರಾಯರ ಕಾಲದಿಂದ ಏಣಗಿ ಬಾಳಪ್ಪನವರ ಕಾಲದವರೆಗೆ, ಹಾಡಿಗೆ ‘ಒನ್ಸ್ ಮೋರ್’ ಬೀಳುತ್ತಿತ್ತು, ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ನಟ ಅಷ್ಟು ಹೊತ್ತು ಕಾಯುತ್ತಿದ್ದ. ಆ ಕಾಯುವಿಕೆ ಮೈಯಲ್ಲಿ ಇಳಿದುಬಿಡುತ್ತದೆ. ನಾನು ಮುದ್ರಿಸಿದ ಆ ನಟ ಅಜ್ಜ ಕೂಡ ಸ್ಟುಡಿಯೋದಲ್ಲಿ ಒಂದು ತಮಾಷೆ ಹೇಳಿ ಗಾಜಿನ ಆಚೆ ಇದ್ದ ನನ್ನ ಮುಖ ನೋಡಿದ್ದರು.

ಪೆರಿ ಈಗ ಓದುತ್ತಿರುವುದು ಗೋಡೆಗೆಲ್ಲ ಮೆತ್ತೆ ಹೊಡೆದ, ಹೊರಗಿನ ಸದ್ದು ಬಾರದ ಕೋಣೆಯಲ್ಲಿ. ಪುಸ್ತಕದ ತುಂಬ ತಮಾಷೆ ಇದೆ. ಒಂದು ತಮಾಷೆ ಮುಗಿಯುತ್ತದೆ. ಅದರ ಹಿಂದೆ ನಗು ಬರುವುದಿಲ್ಲ. ಆ ಖಾಲಿ ಜಾಗವನ್ನು ಕೇಳಿ. ಹತ್ತು ವರ್ಷ ನಗುವಿನ ಜೊತೆ ಕೇಳಿದ ಮಾತಿನ ಧಾಟಿ ಇಲ್ಲಿ ಒಂಟಿಯಾಗಿ ನಿಂತಿರುತ್ತದೆ. ನೀವು ನಕ್ಕರೆ ನಗಿ. ಕೆರೆಯ ದಂಡೆಯಲ್ಲಿ ಒಬ್ಬರೇ ನಗುತ್ತಿದ್ದೀರಿ ಅಂತ ಯಾರಾದರೂ ತಿರುಗಿ ನೋಡಲಿ, ಪರವಾಗಿಲ್ಲ.

ಧಾಟಿ ಅಂದೆನಲ್ಲ. ಯಾರೂ ಒತ್ತು ಕೊಡದ ಶಬ್ದಕ್ಕೆ ಒತ್ತು ಕೊಟ್ಟು ಮಾತಾಡುವ ಚಾಂಡ್ಲರ್ ಶೈಲಿ ನೀವು ಮರೆತಿರಲಾರಿರಿ. ಅದು ಬರಹಗಾರರು ಕೊಟ್ಟದ್ದಲ್ಲ. ಕೆನಡಾದ ಒಟ್ಟಾವಾದಲ್ಲಿ ಹುಡುಗನಾಗಿದ್ದಾಗ ಇಬ್ಬರು ಗೆಳೆಯರ ಜೊತೆ ಆಡಿಕೊಂಡ ಮಾತಿನ ಆಟ ಅದು. ಕೊನೆಗೆ ಅವರಿಗೇ ಅದು ಸಾಕಾಗಿ, ಇನ್ನು ಹಾಗೆ ಮಾತಾಡಿಸಬೇಡಿ ಅಂತ ನಿರ್ಮಾಪಕರನ್ನು ಬೇಡಿಕೊಂಡಿದ್ದರಂತೆ. ನೀವು ಇಂಗ್ಲಿಷ್ ಟೀಚರ್, ಒತ್ತು ಎಲ್ಲಿ ಬೀಳುತ್ತದೆ ಅಂತ ಮಕ್ಕಳಿಗೆ ಕಲಿಸಿದವರು. ಓದಿನಲ್ಲಿ ಆ ಹಳೆಯ ಧಾಟಿ ಎಲ್ಲಿ ತಲೆ ಎತ್ತುತ್ತದೆ, ಎಲ್ಲಿ ಪೂರ್ತಿ ಮಾಯವಾಗುತ್ತದೆ ಅಂತ ಗಮನಿಸಿ. ಮಾಯವಾದ ಕಡೆ ನಿಮ್ಮ ಎದುರು ಇರುವುದು ಪಾತ್ರ ಅಲ್ಲ.

ಆದರೆ ಒಂದು ಎಚ್ಚರ. ಅವರು ನಟ. ನಟನಿಗೆ ದುಃಖದ ಧ್ವನಿ ತೆಗೆಯುವುದೂ ಗೊತ್ತು, ಸತ್ಯ ಹೇಳುವವನ ಧ್ವನಿ ತೆಗೆಯುವುದೂ ಗೊತ್ತು. ಹಾಗಾಗಿ ಧ್ವನಿ ನಡುಗಿದಾಕ್ಷಣ ನಂಬಿಬಿಡುವುದು ಬೇಡ. ನನ್ನ ಅನುಭವದಲ್ಲಿ ನಿಜವಾದ ನೋವಿನ ಗುರುತು ನಡುಕ ಅಲ್ಲ, ಅವಸರ. ಹೇಳಲು ಕಷ್ಟವಾದ ವಾಕ್ಯವನ್ನು ಜನ ಬೇಗ ಬೇಗ, ಸಪ್ಪೆಯಾಗಿ ಹೇಳಿ ದಾಟಿಬಿಡುತ್ತಾರೆ. ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಡೆದ ಹಾಗೆ. ಆ ನಟ ಅಜ್ಜ ತಮ್ಮ ದೊಡ್ಡ ಪಾತ್ರಗಳ ಬಗ್ಗೆ ಅರ್ಧ ಗಂಟೆ ಹೇಳಿದರು. ಊರೂರು ತಿರುಗುವಾಗ ಕ್ಯಾಂಪಿನಲ್ಲಿ ತೀರಿಹೋದ ಮಗುವಿನ ಬಗ್ಗೆ ಹೇಳಿದ್ದು ಒಂದೇ ವಾಕ್ಯ, ಊರಿನ ಹೆಸರು ಸಮೇತ, ಒಂದೇ ಉಸಿರಿಗೆ. ಇಂಥ ಕಡೆ ಹಿಂದೆ ಹೋಗಿ ಮತ್ತೆ ಕೇಳಿ.

ಈಗ ಯಜಮಾನರ ಮಾತು. ಕೇಳಿದರೆ ಓದಿದ ಹಾಗಾಗಲ್ಲವಾ? ಗದಗ ಇಲ್ಲೇ ಅರವತ್ತು ಕಿಲೋಮೀಟರ್ ಆಚೆ ಇದೆ. ವೀರನಾರಾಯಣನ ಗುಡಿಯಲ್ಲಿ ಹುಟ್ಟಿದ ಕುಮಾರವ್ಯಾಸನ ಭಾರತವನ್ನು ನಮ್ಮ ಹಿರಿಯರಲ್ಲಿ ಎಷ್ಟು ಜನ ಕಣ್ಣಿಂದ ಓದಿದ್ದರು? ಒಬ್ಬರು ರಾಗವಾಗಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಊರು ಕೂತು ಕೇಳುತ್ತಿತ್ತು. ಈಗಲೂ ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ತಿಂಗಳು ಕೇಳಿದವರನ್ನು ನಿಲ್ಲಿಸಿ ಕೇಳಿ, ಕಥೆ ಎಲ್ಲಿಗೆ ಬಂದಿದೆ ಅಂತ ಬಾಯಲ್ಲೇ ಹೇಳುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಕಿವಿಯ ದಾರಿಯಿಂದಲೇ ಕಲಿಸಿದರು. ಅದು ಅರೆಬರೆ ಕಲಿಕೆ ಅಂತ ಯಾರಾದರೂ ಅನ್ನಲಿ ನೋಡೋಣ.

ವಿಜ್ಞಾನದವರೂ ಇದನ್ನು ನೋಡಿದ್ದಾರೆ. 2019ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಒಂಬತ್ತು ಜನರಿಗೆ ಒಂದೇ ಕಥೆಗಳನ್ನು ಒಮ್ಮೆ ಕೇಳಿಸಿದರು, ಒಮ್ಮೆ ಓದಿಸಿದರು, ಎರಡೂ ಸಲ ಮೆದುಳಿನ ಸ್ಕ್ಯಾನ್ ಮಾಡಿದರು. ಅರ್ಥ ಹಿಡಿಯುವ ಭಾಗಗಳು ಎರಡೂ ಸಲ ಬಹುತೇಕ ಒಂದೇ ರೀತಿ ಕೆಲಸ ಮಾಡಿದ್ದವು. ಆದರೂ ಯಜಮಾನರ ಮಾತಿನಲ್ಲಿ ಒಂದು ಹುರುಳಿದೆ. ಓದುವಾಗ ನಮ್ಮ ಕಣ್ಣು ಸುಮ್ನೆ ಮುಂದಕ್ಕೆ ಹೋಗುವುದಿಲ್ಲ. ಅದರ ಜಿಗಿತಗಳಲ್ಲಿ ನೂರಕ್ಕೆ 10ರಿಂದ 15 ಹಿಂದಕ್ಕೇ ಇರುತ್ತವೆ. ನಮಗೆ ಗೊತ್ತೇ ಆಗದ ಹಾಗೆ ತಪ್ಪಿದ ಶಬ್ದವನ್ನು ಕಣ್ಣು ಹೋಗಿ ತರುತ್ತದೆ. ಕಿವಿಗೆ ಆ ಅನುಕೂಲ ಇಲ್ಲ. ಆ್ಯಪಿನಲ್ಲಿ ಹಿಂದಕ್ಕೆ ಹೋಗುವ ಬಟನ್ ಇರುವುದು ಅದಕ್ಕೇ. ಅದನ್ನು ಒತ್ತಲು ಸಂಕೋಚ ಬೇಡ. ನಾನು ಒಂದು ಅಧ್ಯಾಯಕ್ಕೆ ಹತ್ತು ಸಲವಾದರೂ ಒತ್ತುತ್ತೇನೆ.

ಶಬ್ದ ತಪ್ಪಲು ಇನ್ನೂ ಎರಡು ಕಾರಣ ಇರಬಹುದು. ಒಂದು ಜಾಗ. ಉಣಕಲ್ ಕೆರೆಯ ಪಕ್ಕದಲ್ಲೇ ಹುಬ್ಬಳ್ಳಿ-ಧಾರವಾಡ ರಸ್ತೆ. ಚಿಗರಿ ಬಸ್ಸು, ಲಾರಿ, ಹಾರ್ನು. ಆ ಗದ್ದಲದಲ್ಲಿ ಮೊದಲು ಮುಳುಗುವುದು ವಾಕ್ಯದ ಕೊನೆಯ ಮೆಲುದನಿ. ಈ ಪುಸ್ತಕದಲ್ಲಿ ಅದೇ ಮುಖ್ಯ. ಆಗ ಜನ ಸೌಂಡ್ ಏರಿಸುತ್ತಾರೆ, ಕಿವಿಗೂ ಒಳ್ಳೆಯದಲ್ಲ, ಹಿಂದಿನಿಂದ ಬರುವ ಗಾಡಿಯೂ ಕೇಳುವುದಿಲ್ಲ. ವಾಕಿಂಗಿಗೆ ಹಾಡು ಇಟ್ಟುಕೊಳ್ಳಿ. ಇದನ್ನು ಮನೆಯಲ್ಲಿ ಕೇಳಿ, ಮೊಬೈಲಿನ ಸ್ಪೀಕರಿನಲ್ಲಿ ಬೇಡ. ಆ ಪುಟ್ಟ ಸ್ಪೀಕರಿಗೆ ಗಂಡಸಿನ ಧ್ವನಿಯ ತಳದ ಗುಂಗು ಬರುವುದಿಲ್ಲ, ಮೇಲಿನ ಸಿಪ್ಪೆ ಮಾತ್ರ ಕೇಳಿಸುತ್ತದೆ. ಸಾಧಾರಣ ಇಯರ್‌ಫೋನ್ ಸಾಕು.

ಇನ್ನೊಂದು ವಯಸ್ಸು. ಅರವತ್ತರ ಆಚೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳು ಸದ್ದುಗಳನ್ನು, ಎಸ್, ಎಫ್, ಟಿಎಚ್ ಇಂಥವು. ಮಾತು ಕೇಳಿಸುತ್ತದೆ, ಸ್ಪಷ್ಟ ಆಗುವುದಿಲ್ಲ. ಮನೆಯವರ ಕನ್ನಡ ಮಾತಿನಲ್ಲೂ ಹೀಗಾಗುತ್ತಿದ್ದರೆ ಒಮ್ಮೆ ಕಿವಿ ತೋರಿಸಿಕೊಂಡು ಬನ್ನಿ. ಬರೀ ಪೆರಿಯ ಮಾತಷ್ಟೇ ತಪ್ಪುತ್ತಿದ್ದರೆ ಮುದ್ರಿತ ಪುಸ್ತಕವನ್ನೂ ತರಿಸಿಕೊಳ್ಳಿ. ಮೊದಲು ಒಂದು ಅಧ್ಯಾಯ ತಡೆಯದೆ ಕೇಳಿ. ಆಮೇಲೆ ಅದನ್ನೇ ಪುಸ್ತಕ ಹಿಡಿದು ಕೇಳಿ. ಔಷಧಿಗಳ ಹೆಸರು, ಅಲ್ಲಿನ ಟೀವಿ ಉದ್ಯಮದ ಮಾತು ಕಣ್ಣಿಗೆ ಬಿದ್ದರೆ ತೊಡಕು ಬಿಡುತ್ತದೆ. ಮೊದಲೇ ಪುಸ್ತಕ ತೆರೆದು ಕೂತರೆ ಮಾತ್ರ ಕಣ್ಣು ಮುಂದೆ ಓಡಿ ಕಿವಿಯನ್ನು ಹಿಂದೆ ಬಿಡುತ್ತದೆ.

ಉಳಿದದ್ದು ನಿಮ್ಮ ಕೊನೆಯ ಮಾತು. ಪೆರಿ ತೀರಿಕೊಂಡದ್ದು 2023ರ ಅಕ್ಟೋಬರ್ 28ಕ್ಕೆ. ಇನ್ನು ನಾಲ್ಕು ದಿನ ಕಳೆದಿದ್ದರೆ ಪುಸ್ತಕ ಬಂದು ಒಂದು ವರ್ಷ ತುಂಬುತ್ತಿತ್ತು. ನಮಗೆ ಅದು ಗೊತ್ತು. ಓದುತ್ತಿರುವ ಅವರಿಗೆ ಗೊತ್ತಿಲ್ಲ. ಆ ಭಾರ ನಿಮ್ಮ ಎದೆಯ ಮೇಲೆ ಕೂತಿದೆ, ಅದು ಸಹಜ. ಆದರೆ ಈ ಓದು ಸಾವಿನ ಕಡೆ ಮುಖ ಮಾಡಿಲ್ಲ. ನಾನು ಸತ್ತಿರಬೇಕಿತ್ತು, ಆದರೂ ಇದ್ದೇನೆ ಅನ್ನುವ ಬೆರಗಿನಿಂದಲೇ ಅವರು ಶುರು ಮಾಡುತ್ತಾರೆ. ಚಟಕ್ಕೆ ಬಿದ್ದ ಯಾರೋ ಒಬ್ಬರು ಇದನ್ನು ಕೇಳಿ ಎದ್ದು ಕೂತಾರು ಅನ್ನುವ ಆಸೆ ಅದರಲ್ಲಿದೆ. ತಾನು ಸತ್ತಾಗ ಜನ ಮೊದಲು ‘ಫ್ರೆಂಡ್ಸ್’ ನೆನೆಯಬಾರದು, ಬೇರೆಯವರಿಗೆ ಸಹಾಯ ಮಾಡಿದ್ದನ್ನು ನೆನೆಯಬೇಕು ಅಂತ ಪುಸ್ತಕ ಬಂದ ದಿನಗಳಲ್ಲೇ ಹೇಳಿದ್ದರು. ಅಂಥವರ ಮಾತನ್ನು ನಡುವೆ ನಿಲ್ಲಿಸಿ ಎದ್ದು ಹೋಗುವುದು ನನಗೆ ಸರಿ ಕಾಣುವುದಿಲ್ಲ. ತಡೆಯಲಾರದಷ್ಟು ಭಾರವಾದ ದಿನ ಬಿಟ್ಟುಬಿಡಿ. ಎರಡು ದಿನ ಬಿಟ್ಟು ಮತ್ತೆ ಕೂತುಕೊಳ್ಳಿ.

ಎಲ್ಲಿಂದ ಅಂದರೆ, ಹೊಸ ಅಧ್ಯಾಯದಿಂದ ಬೇಡ. ನೀವು ಈಗಾಗಲೇ ದಾಟಿ ಬಂದಿರುವ ಒಂದು ಭಾಗ ಇದೆ. ಐದು ವರ್ಷದ ಹುಡುಗನನ್ನು ಮಾಂಟ್ರಿಯಲ್‌ನಿಂದ ಲಾಸ್ ಏಂಜಲೀಸಿಗೆ, ಅಪ್ಪನ ಹತ್ತಿರ, ಒಬ್ಬನನ್ನೇ ವಿಮಾನದಲ್ಲಿ ಕಳಿಸಿದ್ದು. ಜೊತೆಗೆ ದೊಡ್ಡವರು ಯಾರೂ ಇಲ್ಲದ ಮಗು ಅಂತ ಬರೆದ ಫಲಕ ಕೊರಳಿಗೆ. ಕೆಳಗೆ ಊರಿನ ದೀಪ ಕಂಡಾಗ, ಇನ್ನು ತನ್ನವರು ಒಬ್ಬರು ಸಿಗುತ್ತಾರೆ ಅಂತ ಆ ಮಗುವಿಗೆ ಅನಿಸಿದ್ದು. ಗದ್ದಲದಲ್ಲಿ ಕೇಳಿದ್ದೀರಿ, ಇನ್ನೊಮ್ಮೆ ಕೇಳಿ. ಐವತ್ತು ದಾಟಿದ ಆ ಉಸಿರಿನಲ್ಲಿ ಐದು ವರ್ಷದ ಮಗು ಎಲ್ಲಿ ಸಿಗುತ್ತದೆ ಅಂತ ನೋಡಿ. ರಾತ್ರಿ ಊಟ ಆದ ಮೇಲೆ, ಯಜಮಾನರಿಗೂ ಒಂದು ಇಯರ್‌ಫೋನ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಫ್ಯಾನ್ ಆರಿಸಿ. ಅದರ ಸದ್ದಿನಲ್ಲಿ ಉಸಿರು ಕೇಳಿಸುವುದಿಲ್ಲ.